ಬಳ್ಳಾರಿ ಬಿಸಿಲಿಗೆ ಯಾವ ಥಿನ್ನರ್? ಅಕ್ರಿಲಿಕ್ ಮಾಡೆಲ್ ಬಣ್ಣ, ಏರ್‌ಬ್ರಷ್ ಇಟ್ಟುಕೊಂಡವರಿಗೆ

‘ಒಂದು ಪಾಲು ಬಣ್ಣಕ್ಕೆ ಒಂದು ಪಾಲು ಥಿನ್ನರ್’ ಎಂಬ ಸೂತ್ರ ಬರೆದವರು ಬಳ್ಳಾರಿಯ ಏಪ್ರಿಲ್ ಕಂಡವರಲ್ಲ. ತಂಪು ದೇಶದ ಕೋಣೆಯಲ್ಲಿ ಆ ಅಳತೆ ಚೆನ್ನಾಗಿಯೇ ನಡೆಯುತ್ತದೆ. ಇಲ್ಲಿ ಫೆಬ್ರವರಿ ಮುಗಿಯುತ್ತಿದ್ದಂತೆ ಗಾಳಿ ಒಣಗಿ, ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳು ಶುರುವಾದ ಮೇಲೆ, ಅದೇ ಮಿಶ್ರಣ ಏರ್‌ಬ್ರಷ್‌ನ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಗನ್ನಿನ) ಸೂಜಿಯ ತುದಿಯಲ್ಲೇ ಗಟ್ಟಿಯಾಗಿ ಕೂರುತ್ತದೆ. ನಾಲ್ಕು ಸಲ ಟ್ರಿಗರ್ ಎಳೆಯುವುದರೊಳಗೆ ಬಣ್ಣ ಬರುವುದು ನಿಂತು, ಆಮೇಲೆ ಒಮ್ಮೆಲೇ ‘ಪಿಚಕ್’ ಎಂದು ಹನಿ ಸಿಡಿದು ಮಾಡೆಲ್ ಮೇಲೆ ಬೀಳುತ್ತದೆ. ರಾಯಚೂರು, ಕೊಪ್ಪಳದವರಿಗೂ ಇದು ಹೊಸದೇನಲ್ಲ.

ಹಾಗಾಗಿ ನಮ್ಮ ಕಡೆ ಥಿನ್ನರ್ ಕೊಳ್ಳುವಾಗ ಅದು ಬಣ್ಣವನ್ನು ಎಷ್ಟು ತೆಳು ಮಾಡುತ್ತದೆ ಎನ್ನುವುದಕ್ಕಿಂತ ಎಷ್ಟು ನಿಧಾನ ಒಣಗಿಸುತ್ತದೆ ಎಂದು ನೋಡಬೇಕು. ತೆಳು ಮಾಡಲು ನೀರೂ ಸಾಕು. ನಿಧಾನ ಮಾಡುವುದಕ್ಕೇ ದುಡ್ಡು ಕೊಡಬೇಕಾದದ್ದು.

ಮೊದಲು ಬಣ್ಣದ ಜಾತಿ ನೋಡಿ

ಬಾಟಲಿ ಮೇಲೆ ‘ಅಕ್ರಿಲಿಕ್’ ಎಂದು ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಎರಡು ಬೇರೆ ಬೇರೆ ಕುಲ ಇವೆ.

ವಾಲೆಹೊ, ಸಿಟಡೆಲ್, ನಮ್ಮ ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಇವೆಲ್ಲ ನೀರಿನ ಕುಲ. ಇವುಗಳಲ್ಲಿ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲಿಕೊಂಡಿರುತ್ತವೆ. ನೀರು ಆರಿದೊಡನೆ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಪದರವಾಗುತ್ತವೆ, ಆ ಮೇಲೆ ಎಷ್ಟು ನೀರು ಸುರಿದರೂ ಅವು ಮತ್ತೆ ಬಿಡಿಯಾಗುವುದಿಲ್ಲ. ಹಸಿ ಇದ್ದಾಗ ನೀರಿಗೇ ಹೋಗುವ ಬಣ್ಣ ಒಣಗಿದ ಮೇಲೆ ನೀರಿಗೆ ಜಗ್ಗದಿರುವುದು ಇದರಿಂದಲೇ.

ತಮಿಯಾದ ಎಕ್ಸ್, ಎಕ್ಸ್‌ಎಫ್ ಸಾಲು, ಮಿಸ್ಟರ್ ಹಾಬಿಯ ‘ಆಕ್ವಿಯಸ್’ ಎಂಬ ಎಚ್ ಸಾಲು ಎರಡನೆಯ ಕುಲ. ನೀರಿಗೂ ಬೆರೆಯುತ್ತವೆ, ಆದರೆ ಇವುಗಳ ಒಡಲಲ್ಲಿ ಆಲ್ಕೋಹಾಲ್, ಗ್ಲೈಕಾಲ್ ಈಥರ್‌ನಂಥ ದ್ರಾವಕಗಳಿವೆ. ಮುಚ್ಚಳ ತೆಗೆದರೆ ಮೂಗಿಗೆ ಗೊತ್ತಾಗುತ್ತದೆ.

ಯಾವ ಕುಲವೆಂದು ತಿಳಿಯದ ಬಾಟಲಿ ಕೈಗೆ ಬಂದರೆ ಹೀಗೆ ಮಾಡಿ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ಒಂದು ಹನಿ ಬಣ್ಣ ಬಿಡಿ. ಪಕ್ಕದಲ್ಲಿ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಐಪಿಎ. ಹಲ್ಲುಕಡ್ಡಿಯಿಂದ ಎರಡನ್ನೂ ನಿಧಾನ ಕೂಡಿಸಿ, ಒಂದು ನಿಮಿಷ ಕಾಯಿರಿ. ತಮಿಯಾ ಥರದ್ದಾದರೆ ನುಣ್ಣಗೆ ಹರಡಿ ತಟ್ಟೆಯ ಅಂಚಿನವರೆಗೂ ಒಂದೇ ಬಣ್ಣ ಓಡುತ್ತದೆ. ನೀರಿನ ಕುಲದ್ದಾದರೆ ಕಡ್ಡಿಯ ತುದಿಗೆ ಎಳೆ ಎಳೆಯಾಗಿ ಅಂಟು ಸುತ್ತಿಕೊಳ್ಳುತ್ತದೆ, ಸಣ್ಣ ಗಂಟುಗಳು ಕಾಣುತ್ತವೆ, ಸುತ್ತಲಿನ ದ್ರವ ತಿಳಿಯಾಗಿ ಬೇರೆಯಾಗುತ್ತದೆ. ಈ ಗಂಟು ತಟ್ಟೆಯ ಬದಲು 0.3 ಮಿಲಿಮೀಟರ್ ನಾಝಲ್ ಒಳಗೆ ಆದರೆ ಆ ದಿನದ ಕೆಲಸ ಮುಗಿದಂತೆಯೇ.

ಈ ಒಂದು ಪರೀಕ್ಷೆ ನೋಡಿದ ಮೇಲೆ ‘ಸ್ಪಿರಿಟ್ ಹಾಕಿದರೆ ಎಲ್ಲ ಬಣ್ಣವೂ ತೆಳುವಾಗುತ್ತೆ’ ಎನ್ನುವವರ ಮಾತು ನೀವು ನಂಬುವುದಿಲ್ಲ.

ನೀರಿನ ಕುಲಕ್ಕೆ ಏನು ಹಾಕಬೇಕು

ಮೊದಲ ಬಾಟಲಿ ಆಯಾ ಕಂಪನಿಯ ಥಿನ್ನರೇ ಇರಲಿ. ವಾಲೆಹೊ ಬಣ್ಣಕ್ಕೆ ವಾಲೆಹೊ ಏರ್‌ಬ್ರಷ್ ಥಿನ್ನರ್. ಅದಲ್ಲದೆ ‘ಫ್ಲೋ ಇಂಪ್ರೂವರ್’ ಎಂಬ ಇನ್ನೊಂದು ಬಾಟಲಿ ಬೇರೆಯಾಗಿ ಸಿಗುತ್ತದೆ. ಎರಡೂ ಒಂದೇ ಎಂದು ತಿಳಿದು ಒಂದನ್ನು ಕೊಂಡು ಬಿಡುವವರು ಬಹಳ. ಥಿನ್ನರ್ ಬಣ್ಣವನ್ನು ತೆಳು ಮಾಡುತ್ತದೆ, ಫ್ಲೋ ಇಂಪ್ರೂವರ್ ಸೂಜಿಯ ತುದಿಯಲ್ಲಿ ಒಣಗುವುದನ್ನು ತಡೆದು ಹರಿವು ಸಲೀಸು ಮಾಡುತ್ತದೆ. ಮಲೆನಾಡಿನವರಿಗೆ ಎರಡನೆಯದು ಇಲ್ಲದಿದ್ದರೂ ಜುಲೈನಲ್ಲಿ ನಡೆದೀತು. ನಮಗೆ ನಡೆಯದು. ಒಂದನ್ನೇ ಕೊಳ್ಳಲು ದುಡ್ಡಿದೆ ಎಂದರೆ ನಾನಾದರೆ ಫ್ಲೋ ಇಂಪ್ರೂವರ್ ಕೊಂಡು, ತೆಳು ಮಾಡಲು ಒಳ್ಳೆಯ ನೀರು ಬಳಸುತ್ತೇನೆ.

ಒಳ್ಳೆಯ ನೀರು ಎಂದರೆ ಬೋರ್‌ವೆಲ್ ನೀರಲ್ಲ. ನಮ್ಮ ಭಾಗದ ಬೋರ್ ನೀರಿನ ಗಡಸುತನ ಸ್ಟೀಲ್ ಲೋಟದ ತಳದ ಬಿಳಿ ಉಂಗುರದಲ್ಲೇ ಕಾಣುತ್ತದೆ. ನೀರು ಆರಿದ ಮೇಲೆ ಆ ಸುಣ್ಣ ನಾಝಲ್ ಒಳಗೂ ಉಳಿಯುತ್ತದೆ, ಮಾಡೆಲ್‌ನ ಕಪ್ಪು ಬಣ್ಣದ ಮೇಲೆ ಬಿಳಿ ಪುಡಿಯಾಗಿಯೂ ಕಾಣುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದು ತಂದ ಆರ್‌ಒ ನೀರು ಸಾಕಾಗುತ್ತದೆ. ಇನ್ನೂ ಒಳ್ಳೆಯದು ಬೇಕೆಂದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್. ಅಲ್ಲಿ ಮಾತ್ರ ಒಂದು ಎಚ್ಚರ: ಅದೇ ಅಂಗಡಿಯಲ್ಲಿ ಬ್ಯಾಟರಿಗೆ ಹಾಕುವ ಸಲ್ಫ್ಯೂರಿಕ್ ಆಸಿಡ್ ನೀರೂ ಅಂಥದ್ದೇ ಕ್ಯಾನಿನಲ್ಲಿ ಇರುತ್ತದೆ. ‘ಬ್ಯಾಟರಿ ನೀರು ಕೊಡಿ’ ಎನ್ನಬೇಡಿ, ‘ಡಿಸ್ಟಿಲ್ಡ್ ವಾಟರ್’ ಎಂದೇ ಕೇಳಿ, ಸೀಲ್ ಇರುವುದನ್ನೇ ತನ್ನಿ.

ಮನೆಯಲ್ಲೇ ಮಾಡಿಕೊಳ್ಳುವವರಿಗೆ ಒಂದು ಆರಂಭದ ಅಳತೆ: 100 ಮಿಲಿ ಡಿಸ್ಟಿಲ್ಡ್ ವಾಟರ್, 20 ಮಿಲಿ ಫ್ಲೋ ಇಂಪ್ರೂವರ್, 5 ಮಿಲಿ ಅಕ್ರಿಲಿಕ್ ರಿಟಾರ್ಡರ್ (ಬಣ್ಣ ಒಣಗುವುದನ್ನು ನಿಧಾನ ಮಾಡುವ ದ್ರವ). ರಿಟಾರ್ಡರ್ ಸಿಗದಿದ್ದರೆ ಮೆಡಿಕಲ್ ಶಾಪಿನ ಗ್ಲಿಸರಿನ್ ಕೆಲವು ಹನಿ. ಗ್ಲಿಸರಿನ್ ಕುದಿಯುವುದು 290 ಡಿಗ್ರಿಯಲ್ಲಿ, ಅಂದರೆ ನಮ್ಮ ಬಿಸಿಲಿಗೆ ಅದು ಹಾರಿ ಹೋಗುವ ಪ್ರಶ್ನೆಯೇ ಇಲ್ಲ. ಅದೇ ಅದರ ಗುಣ, ಅದೇ ದೋಷ. ಕೈ ತುಸು ಜಾಸ್ತಿಯಾದರೆ ಬಣ್ಣ ವಾರವಾದರೂ ಬೆರಳಿಗೆ ಅಂಟುತ್ತಿರುತ್ತದೆ, ಆ ಅಂಟಿಗೆ ಸಂಡೂರು ಕಡೆಯ ಕೆಂಪು ಧೂಳು ಬಂದು ಕೂತರೆ ಅದಿರಿನ ಲಾರಿಯ ಮಾಡೆಲ್‌ಗೆ ಒಪ್ಪೀತು, ವಿಮಾನಕ್ಕೆ ಒಪ್ಪದು. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಎಂಬ ಸಲಹೆಯೂ ಓಡಾಡುತ್ತಿರುತ್ತದೆ. ನೊರೆ ಬರುತ್ತದೆ, ನೊರೆಯ ಗುಳ್ಳೆ ಬಣ್ಣದಲ್ಲಿ ಕುಳಿ ಬಿಡುತ್ತದೆ. ಬೇಡ.

ಫೆವಿಕ್ರಿಲ್, ಕ್ಯಾಮೆಲ್ ಬಣ್ಣಗಳ ಬಗ್ಗೆ: ಇವು ಬ್ರಷ್‌ಗೆಂದು ಮಾಡಿದವು, ದಪ್ಪ. ನೀರೊಂದನ್ನೇ ಸುರಿದು ತೆಳು ಮಾಡಿದರೆ ಅಂಟಿನ ಅಂಶ ಸೊರಗಿ, ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೂ ಎದ್ದು ಬರುತ್ತದೆ. ಸ್ವಲ್ಪ ಅಕ್ರಿಲಿಕ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಸೇರಿಸಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ, 0.5 ನಾಝಲ್‌ನಲ್ಲಿ ಹೊಡೆಯಿರಿ. ದೊಡ್ಡ ಡಯೊರಾಮಾದ ನೆಲ, ಬಂಡೆಗಳಿಗೆ ಇವು ಬಹಳ ಚೆಂದ. ನಮ್ಮ ಕೋಟೆ ಗುಡ್ಡದ ಬಂಡೆಯ ಬಣ್ಣ ಬೇಕಾದರೆ ದುಬಾರಿ ಬಾಟಲಿ ಯಾಕೆ?

ತಮಿಯಾ, ಮಿಸ್ಟರ್ ಹಾಬಿಗೆ

ತಮಿಯಾದ ಸ್ವಂತ ಥಿನ್ನರ್ ಹೆಸರು ಎಕ್ಸ್-20ಎ. ಕೊನೆಯ ‘ಎ’ ಬಿಟ್ಟು ಬರೀ ಎಕ್ಸ್-20 ತಂದರೆ ಅದು ಎನಾಮೆಲ್ ಥಿನ್ನರ್, ಅಕ್ರಿಲಿಕ್‌ಗೆ ಆಗುವುದಿಲ್ಲ. ಆರ್ಡರ್ ಮಾಡುವಾಗ ಒಂದಕ್ಷರ ಎರಡು ಸಲ ಓದಿ, ಏಕೆಂದರೆ ಉರಿಯುವ ದ್ರವಗಳನ್ನು ವಿಮಾನದಲ್ಲಿ ಸಾಗಿಸಲು ನಿರ್ಬಂಧ ಇರುವುದರಿಂದ ಪಾರ್ಸೆಲ್ ರಸ್ತೆ ಮೂಲಕ ನಿಧಾನವಾಗಿ ಬರುತ್ತದೆ, ವಾಪಸ್ ಕಳಿಸುವುದು ಇನ್ನೂ ತಲೆನೋವು. ಎಕ್ಸ್-20ಎ ಸಣ್ಣ ಬಾಟಲಿಗಳಲ್ಲದೆ 250 ಮಿಲಿಯದ್ದೂ ಬರುತ್ತದೆ. ತಿಂಗಳಿಗೊಂದು ಮಾಡೆಲ್ ಮುಗಿಸುವವರು ದೊಡ್ಡದನ್ನೇ ಕೊಳ್ಳುವುದು ಲೇಸು.

ಎಕ್ಸ್-20ಎ ಬದಲಿಗೆ ಬರೀ ಐಪಿಎ ಹಾಕಿದರೂ ತಮಿಯಾ ಬಣ್ಣ ಚೆನ್ನಾಗಿ ತೆಳುವಾಗುತ್ತದೆ, ಅಗ್ಗವೂ ಹೌದು. ತೊಂದರೆ ಎಂದರೆ ವೇಗ. ಐಪಿಎ ಕುದಿಯುವುದು 82 ಡಿಗ್ರಿ ಆಸುಪಾಸಿನಲ್ಲಿ, ನೀರಿಗಿಂತ ಬಹಳ ಬೇಗ ಹಾರುತ್ತದೆ. ಗ್ಲೈಕಾಲ್ ಈಥರ್ ಜಾತಿಯ ಬ್ಯುಟಾಕ್ಸಿಎಥೆನಾಲ್ ಕುದಿಯುವುದು 171ರಲ್ಲಿ. ಕಂಪನಿಯ ಥಿನ್ನರಿನಲ್ಲಿ ಇಂಥ ನಿಧಾನದ ದ್ರಾವಕ ಬೆರೆತಿರುವುದರಿಂದಲೇ ಬಣ್ಣ ಮೈಮೇಲೆ ಬಿದ್ದ ಮೇಲೂ ಒಂದಿಷ್ಟು ಹೊತ್ತು ಹಸಿಯಾಗಿದ್ದು ಸಮನಾಗಿ ಹರಡುತ್ತದೆ. ಬರೀ ಐಪಿಎ ಹಾಕಿ ಮೇ ತಿಂಗಳ ಮಧ್ಯಾಹ್ನ ಹೊಡೆದು ನೋಡಿ: ಹನಿಗಳು ಗಾಳಿಯಲ್ಲೇ ಒಣಗಿ, ರೆಕ್ಕೆಯ ಮೇಲೆ ಕೈಯಾಡಿಸಿದರೆ ಉಸುಕು ಉಸುಕಾಗಿ ಹತ್ತುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಅದೇ ಮಿಶ್ರಣ ತಕರಾರಿಲ್ಲದೆ ನಡೆಯುತ್ತದೆ. ಆದ್ದರಿಂದ ಐಪಿಎ ಚಳಿಗಾಲಕ್ಕೆ, ಎಕ್ಸ್-20ಎ ಉಳಿದ ಕಾಲಕ್ಕೆ. ಬೇಸಿಗೆಯಲ್ಲಿ ಎಕ್ಸ್-20ಎಗೂ ತಮಿಯಾದ ಅಕ್ರಿಲಿಕ್ ರಿಟಾರ್ಡರ್ ಒಂದೆರಡು ಹನಿ ಸೇರಿಸಬಹುದು.

ಇನ್ನೊಂದು ಉಪಾಯ, ನನ್ನ ಪ್ರಕಾರ ನಮ್ಮ ಹವೆಗೆ ಎಲ್ಲಕ್ಕಿಂತ ಒಳ್ಳೆಯದು: ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್. ಅದು ಮೂಲತಃ ಲ್ಯಾಕರ್ ಬಣ್ಣಕ್ಕೆ ಮಾಡಿದ್ದು, ಒಳಗೇ ರಿಟಾರ್ಡರ್ ಇದೆ. ಆದರೂ ತಮಿಯಾ ಅಕ್ರಿಲಿಕ್‌ಗೂ ಆಕ್ವಿಯಸ್‌ಗೂ ಹಾಲಿಗೆ ಸಕ್ಕರೆಯಂತೆ ಬೆರೆಯುತ್ತದೆ. ಫಲಿತಾಂಶ ಗಾಜಿನಷ್ಟು ನುಣುಪು. ಬೆಲೆ ಇದೆ, ಘಾಟು ವಾಸನೆ ಇದೆ, ನೀರಿನ ಕುಲಕ್ಕೆ ಮಾತ್ರ ಸುತರಾಂ ಹಾಕಬಾರದು. ಪ್ಲಾಸ್ಟಿಕ್ ಮೇಲೆ ಹೊಂಡ ಕಟ್ಟುವಷ್ಟು ಒದ್ದೆಯಾಗಿ ಹೊಡೆದರೆ ಮೈಯನ್ನೇ ಕೊರೆಯುತ್ತದೆ, ತೆಳು ಪದರಗಳಲ್ಲಿ ಹೊಡೆಯಿರಿ.

ಹಾರ್ಡ್‌ವೇರ್ ಅಂಗಡಿಯ ಸಲಹೆ

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಥಿನ್ನರ್’ ಎಂದು ಕೇಳಿದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್ ಲ್ಯಾಕರ್ ಬಣ್ಣದ) ಥಿನ್ನರ್ ಕೊಡುತ್ತಾರೆ, ಇಲ್ಲವೇ ಟರ್ಪೆಂಟೈನ್. ಅವರ ತಪ್ಪಲ್ಲ. ಅವರ ಗಿರಾಕಿಗಳು ಬಾಗಿಲು, ಕಬ್ಬಿಣದ ಗೇಟು, ಗಾಡಿ ಟ್ಯಾಂಕ್ ಬಣ್ಣ ಮಾಡುವವರು. ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಗೊಂಬೆ ಮಾಡುವುದು ಮರದಲ್ಲಿ, ಗಣೇಶನ ಮೂರ್ತಿ ಮಾಡುವವರು ಸ್ಪ್ರೇ ಹೊಡೆಯುವುದು ಮಣ್ಣಿನ ಮೇಲೆ. ಮರಕ್ಕೂ ಮಣ್ಣಿಗೂ ಎನ್‌ಸಿ ಥಿನ್ನರ್ ಏನೂ ಮಾಡದು. ನಮ್ಮ ಕಿಟ್‌ಗಳು ಪಾಲಿಸ್ಟೈರೀನ್, ಎನ್‌ಸಿ ಥಿನ್ನರಿನಲ್ಲಿರುವ ಟಾಲ್ಯೂಯಿನ್ ಥರದ ದ್ರಾವಕಗಳಿಗೆ ಅದು ಮೆತ್ತಗಾಗಿ ಕರಗುತ್ತದೆ. ಅದನ್ನು ಬಣ್ಣಕ್ಕೆ ಬೆರೆಸುವುದು ಬೇಡ. ಲೋಹದ ಬಿಡಿಭಾಗ ತೊಳೆಯಲು ಮಾತ್ರ ಒಂದು ಸಣ್ಣ ಬಾಟಲಿ ಇರಲಿ. ಟರ್ಪೆಂಟೈನ್ ಎನಾಮೆಲ್‌ನದು, ಅಕ್ರಿಲಿಕ್ ಜೊತೆ ಅದಕ್ಕೆ ಸಂಬಂಧವಿಲ್ಲ.

ಐಪಿಎಗೆ ಮೊಬೈಲ್ ರಿಪೇರಿ ಸಾಮಾನು ಮಾರುವ ಅಂಗಡಿಗೆ ಹೋಗಿ. ಬೋರ್ಡ್ ತೊಳೆಯಲು ಅವರು ಬಳಸುವುದು ಅದನ್ನೇ. 99 ಪ್ರತಿಶತ ಎಂದಿರುವುದನ್ನು ಕೇಳಿ. ಕೊರೊನಾ ಕಾಲದಿಂದ ಉಳಿದ ಸ್ಯಾನಿಟೈಸರ್ ಬೇಡ. ಅದರಲ್ಲಿ ಗ್ಲಿಸರಿನ್, ಸುವಾಸನೆ, ಜೆಲ್ ಎಲ್ಲ ಬೆರೆತಿರುತ್ತದೆ.

ಏರ್‌ಬ್ರಷ್ ಕಪ್‌ನಲ್ಲಿ ಕಲಸುವ ಕ್ರಮ

ಮೊದಲು ಥಿನ್ನರ್ ಎರಡು ಹನಿ ಕಪ್ಪಿಗೆ, ಆಮೇಲೆ ಬಣ್ಣ. ತಿರುಗಾ ಮುರುಗಾ ಮಾಡಿದರೆ ದಪ್ಪ ಬಣ್ಣ ನೇರ ನಾಝಲ್ ಬುಡಕ್ಕೆ ಇಳಿದು ಕೂರುತ್ತದೆ. ಒಣಗುವುದನ್ನು ತಡೆಯುವ ಥಿನ್ನರ್ ಇದ್ದರೆ ವಾಲೆಹೊದ ಮಾಡೆಲ್ ಕಲರ್‌ಗೆ ಸಮ ಪಾಲಿನಿಂದ ಶುರು ಮಾಡಿ. ಮಾಡೆಲ್ ಏರ್ ಮೊದಲೇ ತೆಳು ಮಾಡಿ ಬಂದದ್ದು, ಆದರೂ ಬೇಸಿಗೆಯಲ್ಲಿ ಹತ್ತು ಹನಿಗೆ ಎರಡು ಹನಿ ಫ್ಲೋ ಇಂಪ್ರೂವರ್ ಬೇಕೇ ಬೇಕು. ತಮಿಯಾಗೂ ಸಮ ಪಾಲು ಒಳ್ಳೆಯ ಆರಂಭ. ಕಪ್ಪಿನ ಗೋಡೆಗೆ ಬ್ರಷ್‌ನಿಂದ ಸ್ವಲ್ಪ ಹಚ್ಚಿ ನೋಡಿ: ಇಳಿದ ಕಡೆ ತೆಳುವಾದ ಪೊರೆ ಉಳಿಯಬೇಕು. ಏನೂ ಉಳಿಯದಿದ್ದರೆ ನೀರಾಗಿದೆ, ಇಳಿಯದೇ ನಿಂತರೆ ದಪ್ಪ ಇದೆ.

ಗಾಳಿಯ ಒತ್ತಡ 15ರಿಂದ 20 ಪಿಎಸ್‌ಐ. ಮೊದಲ ಹೊಡೆತ ಪ್ಲಾಸ್ಟಿಕ್ ಚಮಚದ ಬೆನ್ನಿಗೆ. ಉಸುಕಿನಂತೆ ಬಂದರೆ ಇನ್ನೂ ಹತ್ತಿರ ಹೋಗಿ, ಸುಮಾರು 6–7 ಸೆಂಟಿಮೀಟರ್‌ಗೆ. ಆಗಲೂ ಹಾಗೇ ಆದರೆ ರಿಟಾರ್ಡರ್ ಒಂದು ಹನಿ. ಜೇಡರ ಕಾಲಿನಂತೆ ಎಳೆ ಓಡಿದರೆ ಒತ್ತಡ ಇಳಿಸಿ, ಇಲ್ಲವೇ ಬಣ್ಣ ಸೇರಿಸಿ.

ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಬೆಳಗಿನ ಆರರಿಂದ ಎಂಟರ ನಡುವೆ ಮುಗಿಸಿಬಿಡಿ. ಅದು ಆಗದವರಿಗೆ ಏರ್ ಕೂಲರ್ ಉಪಕಾರಿ. ನೀರಿನ ಕೂಲರ್ ಕೋಣೆಯ ಉಷ್ಣ ಇಳಿಸುವುದರ ಜೊತೆಗೆ ತೇವವನ್ನೂ ಏರಿಸುತ್ತದೆ, ಸೂಜಿಯ ತುದಿ ಒಣಗುವುದು ತಾನಾಗಿ ಕಡಿಮೆಯಾಗುತ್ತದೆ. ಅರ್ಧ ಗಂಟೆ ಮೊದಲು ಓಡಿಸಿ, ಬಣ್ಣ ಹೊಡೆಯುವಾಗ ನಿಲ್ಲಿಸಿ. ಇಲ್ಲದಿದ್ದರೆ ಅದು ಊದುವ ಧೂಳೆಲ್ಲ ಹಸಿ ಬಣ್ಣದ ಪಾಲು. ತೇವ ಹೆಚ್ಚಿದ ಕೋಣೆಯಲ್ಲಿ ಕಂಪ್ರೆಸರ್‌ನ ಮಾಯಿಶ್ಚರ್ ಟ್ರ್ಯಾಪ್‌ನಲ್ಲಿ (ಗಾಳಿಯ ತೇವ ಹಿಡಿಯುವ ಭಾಗದಲ್ಲಿ) ನೀರು ನಿಂತಿದೆಯಾ ನೋಡಿಕೊಳ್ಳಿ.

ಕರೆಂಟ್ ಹೋದರೆ? ಟ್ಯಾಂಕ್ ಇಲ್ಲದ ಕಂಪ್ರೆಸರ್ ಅಲ್ಲೇ ನಿಲ್ಲುತ್ತದೆ. ಬರುತ್ತದೆ ಎಂದು ಕಾಯುತ್ತ ಕೂರಬೇಡಿ. ಬಣ್ಣ ಮುಚ್ಚಳದ ಡಬ್ಬಿಗೆ ಸುರಿದು, ಕಪ್ಪಿಗೆ ಅದೇ ಕುಲದ ಥಿನ್ನರ್ ತುಂಬಿಡಿ.

ತೊಳೆಯುವುದು

ಕ್ಲೀನರ್ ಆರಿಸುವಲ್ಲಿ ನೆನಪಿಡಬೇಕಾದ್ದು ಕ್ರಮ. ನೀರಿನ ಕುಲ ಹೊಡೆದ ಮೇಲೆ ಮೊದಲು ನೀರು, ಆಮೇಲೆ ಏರ್‌ಬ್ರಷ್ ಕ್ಲೀನರ್, ಬೇಕಿದ್ದರೆ ಕೊನೆಗೆ ಐಪಿಎ. ನೀರು ಬಿಟ್ಟು ನೇರ ಐಪಿಎ ಅಥವಾ ಎನ್‌ಸಿ ಥಿನ್ನರ್ ಹಾಕಿದಿರೋ, ತಟ್ಟೆಯಲ್ಲಿ ನೋಡಿದ ಆ ಗಂಟು ಈಗ ಗನ್ನಿನ ಹೊಟ್ಟೆಯಲ್ಲಿ. ತಮಿಯಾ ಕುಲಕ್ಕೆ ನೇರ ಐಪಿಎ ಅಥವಾ ಲೆವೆಲಿಂಗ್ ಥಿನ್ನರ್ ಆಗುತ್ತದೆ. ಒಂದು ಕುಲದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಎರಡು ಕಪ್ ನೀರು ಹಾಯಿಸಿ. ಕ್ಲೀನರ್ ಹನಿ ಉಳಿದರೂ ಮುಂದಿನ ಬಣ್ಣ ಒಡೆಯುತ್ತದೆ. ಅಂದಹಾಗೆ ಕ್ಲೀನರನ್ನು ಥಿನ್ನರ್ ಆಗಿ ಬಳಸಬೇಡಿ, ಅದು ಇರುವುದೇ ಬಣ್ಣವನ್ನು ಬಿಡಿಸಲು.

ಬಣ್ಣ ಬದಲಿಸುವಾಗ ಕಪ್ ಖಾಲಿ ಮಾಡಿ, ನೀರು ಹಾಕಿ, ಮೆತ್ತನೆ ಬ್ರಷ್‌ನಿಂದ ಕಪ್ಪಿನ ತಳ ಒರೆಸಿ, ಟಿಶ್ಯೂ ಮೇಲೆ ಬಣ್ಣವಿಲ್ಲದ ನೀರು ಬರುವವರೆಗೆ ಹೊಡೆಯಿರಿ. ನಾಝಲ್ ತುದಿಯನ್ನು ಬಟ್ಟೆಯಿಂದ ಮುಚ್ಚಿ ಹಗುರಾಗಿ ಗಾಳಿ ಬಿಟ್ಟರೆ ಕಪ್ಪಿನಲ್ಲಿ ಗುಳ್ಳೆ ಏಳುತ್ತದೆ, ಒಳಗೆ ಸಿಕ್ಕಿಕೊಂಡ ಬಣ್ಣ ಮೇಲೆ ಬರುತ್ತದೆ. ಹೀಗೆ ಮುಚ್ಚದೆಯೇ ತಾನಾಗಿ ಗುಳ್ಳೆ ಏಳುತ್ತಿದ್ದರೆ ನಾಝಲ್ ಸರಿಯಾಗಿ ಕೂತಿಲ್ಲ, ಅಥವಾ ಸೀಳಿದೆ.

ದಿನದ ಕೊನೆಗೆ ಸೂಜಿ ತೆಗೆಯಿರಿ. ಕಪ್ ಶುಭ್ರವಾದ ಮೇಲಷ್ಟೇ ತೆಗೆಯಿರಿ, ಇಲ್ಲವಾದರೆ ಸೂಜಿಯ ಜೊತೆ ಬಣ್ಣ ಹಿಂದಿನ ಸೀಲ್‌ವರೆಗೂ ಎಳೆದು ಹೋಗುತ್ತದೆ. ಕ್ಲೀನರ್ ತೊಯ್ಸಿದ ಬಟ್ಟೆಯಲ್ಲಿ ದಪ್ಪ ಭಾಗದಿಂದ ತುದಿಯ ಕಡೆಗೆ, ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತ ಒರೆಸಿ. ತುದಿಯ ಕಡೆಯಿಂದ ಹಿಂದಕ್ಕೆ ಒರೆಸಿದರೆ ಬೆರಳಿಗೂ ಚುಚ್ಚುತ್ತದೆ, ತುದಿಯೂ ಬಾಗುತ್ತದೆ. ನಾಝಲ್ ಒಳಗೆ ಹೊಲಿಗೆ ಸೂಜಿ ಹಾಕಿ ಕೆರೆಯಬೇಡಿ. ಮೆಡಿಕಲ್ ಶಾಪಿನಲ್ಲಿ ಹಲ್ಲಿನ ಸಂದಿಗೆಂದು ಸಿಗುವ ಇಂಟರ್‌ಡೆಂಟಲ್ ಬ್ರಷ್ ಕಪ್ಪಿನ ಬುಡಕ್ಕೂ ಒಳಗಿನ ದಾರಿಗೂ ಹೇಳಿ ಮಾಡಿಸಿದಂತಿದೆ. ಪೂರ್ತಿ ಒಣಗಿ ಕೂತ ನಾಝಲ್ಲನ್ನು ಒಂದು ರಾತ್ರಿ ಕ್ಲೀನರಿನಲ್ಲಿ ನೆನೆಸಿಡಿ. ಬಿಡದಿದ್ದರೆ ಅಲ್ಟ್ರಾಸೋನಿಕ್ ಯಂತ್ರ. ಕನ್ನಡಕದ ಅಂಗಡಿಗಳಲ್ಲಿ, ಚಿನ್ನದ ಕೆಲಸದವರಲ್ಲಿ ಅದು ಇರುತ್ತದೆ, ಪರಿಚಯವಿದ್ದರೆ ಎರಡು ನಿಮಿಷದ ಕೆಲಸ.

ನೆನೆಸುವುದು ನಾಝಲ್, ಸೂಜಿ, ಕ್ಯಾಪ್‌ಗಳನ್ನು ಮಾತ್ರ. ಇಡೀ ಗನ್ನನ್ನು ದ್ರಾವಕದಲ್ಲಿ ಮುಳುಗಿಸಿದರೆ ರಬ್ಬರ್ ಒ-ರಿಂಗ್ ಊದಿಕೊಳ್ಳುತ್ತವೆ. ಬಿಳಿ ಪಿಟಿಎಫ್‌ಇ (ಟೆಫ್ಲಾನ್) ಸೀಲ್‌ಗಳು ತಡೆಯುತ್ತವೆ, ಕಪ್ಪು ರಬ್ಬರ್ ತಡೆಯದು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಒಣ ಅಕ್ರಿಲಿಕ್ ಬಿಡಿಸುವುದರಲ್ಲಿ ಗಟ್ಟಿಗ, ಆದರೆ ಗನ್ನಿನ ಮೈ ಸಾಮಾನ್ಯವಾಗಿ ಲೇಪ ಹಚ್ಚಿದ ಹಿತ್ತಾಳೆ, ಅಮೋನಿಯಾ ಹಿತ್ತಾಳೆಗೆ ಶತ್ರು. ಹಾಯಿಸಿ, ಕೂಡಲೇ ನೀರಿನಿಂದ ತೊಳೆಯಿರಿ, ನೆನೆಸಿಡಬೇಡಿ. ಬ್ಲೀಚಿಂಗ್ ದ್ರವ, ಟಾಯ್ಲೆಟ್ ಆಸಿಡ್ ಎರಡನ್ನೂ ಮೇಜಿನ ಹತ್ತಿರ ತರಬೇಡಿ. ಬ್ಲೀಚ್ ಅಮೋನಿಯಾ ಜೊತೆ ಸೇರಿದರೂ ಆಸಿಡ್ ಜೊತೆ ಸೇರಿದರೂ ವಿಷಗಾಳಿ ಏಳುತ್ತದೆ.

ಬೆಂಕಿ, ಮೂಗು, ಕೊಳೆ

ಐಪಿಎ ಆವಿಗೆ ಕಿಡಿ ಹತ್ತಲು 12 ಡಿಗ್ರಿ ಉಷ್ಣ ಸಾಕು. ನಮ್ಮೂರಲ್ಲಿ ಚಳಿಗಾಲದ ನಸುಕಿನಲ್ಲೂ ಅಷ್ಟು ತಂಪು ಅಪರೂಪ, ಅಂದರೆ ಬಾಟಲಿ ತೆರೆದ ಕ್ಷಣವೆಲ್ಲ ಅಪಾಯದ ಕ್ಷಣವೇ. ದೇವರ ಕೋಣೆಯ ದೀಪ, ಊದುಬತ್ತಿ, ಪಕ್ಕದ ಅಡುಗೆಮನೆಯ ಗ್ಯಾಸ್ ಆರಿದ್ದು ಖಚಿತವಾದ ಮೇಲೆ ಕೆಲಸ ಶುರು ಮಾಡಿ. ಕಿಟಕಿ ತೆರೆದು, ಗಾಳಿ ಹೊರಗೆ ಹೋಗುವಂತೆ ಕೂರಿ. ಎನ್-95 ಮಾಸ್ಕ್ ಬಣ್ಣದ ಕಣ ತಡೆಯುತ್ತದೆ, ದ್ರಾವಕದ ಆವಿಯನ್ನಲ್ಲ. ಲೆವೆಲಿಂಗ್ ಥಿನ್ನರ್, ಎನ್‌ಸಿ ಥಿನ್ನರ್ ಬಳಸುವವರು ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಕೊಳ್ಳಲೇಬೇಕು. ಗ್ಲೈಕಾಲ್ ಈಥರ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಆದ್ದರಿಂದ ನೈಟ್ರೈಲ್ ಕೈಗವಸು.

ಬಾಟಲಿಗಳನ್ನು ತಗಡಿನ ಶೆಡ್ಡಿನಲ್ಲಿ, ಮಹಡಿಯ ಕೋಣೆಯಲ್ಲಿ ಇಡಬೇಡಿ. ಮನೆಯ ನಡುವಿನ ತಂಪು ಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ನೀರಿನ ಬಾಟಲಿಗೆ ಥಿನ್ನರ್ ತುಂಬಿಡುವ ಚಾಳಿ ಇದ್ದರೆ ಇವತ್ತೇ ಬಿಡಿ, ನಮ್ಮ ಸೆಖೆಯಲ್ಲಿ ಬಾಯಾರಿದವರು ಲೇಬಲ್ ಓದಿ ಕುಡಿಯುವುದಿಲ್ಲ.

ತೊಳೆದ ಕೊಳೆ ನೀರನ್ನು ಬಚ್ಚಲಿಗೆ ಸುರಿಯಬೇಡಿ. ಅಗಲ ಬಾಯಿಯ ಹಳೆ ಡಬ್ಬಿಯಲ್ಲಿ ಮಾಳಿಗೆಯ ಮೇಲೆ ಇಡಿ, ಬೇಸಿಗೆಯಲ್ಲಿ ಬೇಗನೆ ತಳದಲ್ಲಿ ಸಿಪ್ಪೆಯಂತೆ ಬಣ್ಣ ಉಳಿಯುತ್ತದೆ, ಅದನ್ನು ಕಿತ್ತು ಒಣ ಕಸಕ್ಕೆ ಹಾಕಬಹುದು. ಬಳಸಿದ ಐಪಿಎ, ಎನ್‌ಸಿ ಥಿನ್ನರನ್ನು ಬೇರೆ ಬೇರೆ ಗಾಜಿನ ಜಾಡಿಗಳಲ್ಲಿ ಮುಚ್ಚಿಡಿ. ಬಣ್ಣ ತಳ ಹಿಡಿದ ಮೇಲೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಸೂಜಿ, ನಾಝಲ್‌ಗಳ ಮೊದಲ ತೊಳೆತಕ್ಕೆ ಇನ್ನೂ ಹಲವು ಸಲ ಬರುತ್ತದೆ.